ಕೊನೆಯ ನೂರು ಗಜ

ಯುದ್ಧದ ಇತಿಹಾಸ ಓದುವವರಲ್ಲಿ ಕೆಲವರಿಗೆ ಕೋಟೆಗಳ ಮೋಹ, ಕೆಲವರಿಗೆ ತೋಪುಗಳದ್ದು, ಇನ್ನು ಕೆಲವರಿಗೆ ಸೇನಾಪತಿಗಳ ಚರಿತ್ರೆಯದ್ದು. ನನ್ನ ಓದು ಬಹಳ ಕಾಲದಿಂದ ಒಂದೇ ಕಡೆ ನೆಟ್ಟಿದೆ. ಹಡಗಿನಿಂದ ದೋಣಿಗೆ ಇಳಿದ ಸೈನಿಕ ಒಣ ಮರಳಿಗೆ ಕಾಲಿಡುವವರೆಗಿನ ಕೊನೆಯ ನೂರು ಗಜ ನೀರೇ ನನ್ನ ವಿಷಯ. ಆ ನೀರಿನಲ್ಲಿ ಆತ ಹಡಗಿಗೂ ಸೇರಿದವನಲ್ಲ, ನೆಲಕ್ಕೂ ಸೇರಿದವನಲ್ಲ. ಬೆನ್ನ ಮೇಲೆ ಹೊರೆ, ಕಾಲಡಿ ಏನಿದೆಯೋ ತಿಳಿಯದು, ಅಡಗಿಕೊಳ್ಳಲು ಒಂದು ಕಲ್ಲೂ ಇಲ್ಲ. ಸಮುದ್ರದಿಂದ ನಡೆದ ದೊಡ್ಡ ದಾಳಿಗಳು ಗೆದ್ದದ್ದೋ ಸೋತದ್ದೋ ಹೆಚ್ಚಾಗಿ ಇಲ್ಲೇ.

ನಾನಿರುವ ಒಮಾನಿನ ವಾದಿ ಕಬೀರ್ ಈ ಓದಿಗೆ ಹೇಳಿ ಮಾಡಿಸಿದ ಜಾಗ. ಇವತ್ತು ಇಲ್ಲಿ ಕಾಣುವುದು ಗ್ಯಾರೇಜುಗಳು, ಬಿಡಿಭಾಗಗಳ ಅಂಗಡಿಗಳು, ಭಾರತೀಯ ಶಾಲೆ, ಶುಕ್ರವಾರ ಸೇರುವ ಹಳೆಯ ಕಾರುಗಳ ಸಂತೆ. ಆದರೆ ಬೋಳು ಗುಡ್ಡಗಳ ನಡುವಿನ ಈ ಕಣಿವೆ ಹಳೆಯ ಮಸ್ಕತ್ ಪಟ್ಟಣದ ಬೆನ್ನಿಗೇ ಇದೆ. ಪಟ್ಟಣದ ಮುಂದಿರುವುದು ಮೂರು ಕಡೆ ಬಂಡೆ ಸುತ್ತುವರಿದ ಚಿಕ್ಕ ಕೊಲ್ಲಿ. ಬಂಡೆಗಳ ಮೇಲೆ ಪೋರ್ಚುಗೀಸರು 1580ರ ದಶಕದಲ್ಲಿ ಕಟ್ಟಿ ಮುಗಿಸಿದ ಅಲ್ ಜಲಾಲಿ ಮತ್ತು ಅಲ್ ಮಿರಾನಿ ಕೋಟೆಗಳು ಇಂದಿಗೂ ನಿಂತಿವೆ. ನಡುವೆ ದಡಕ್ಕೆ ಇರುವ ದಾರಿ ಬಹಳ ಕಿರಿದು.

1507ರ ಆಗಸ್ಟ್‌ನಲ್ಲಿ ಪೋರ್ಚುಗೀಸ್ ಸೇನಾಪತಿ ಅಫೊನ್ಸೊ ದ ಅಲ್ಬುಕರ್ಕ್ ಸೊಕೊಟ್ರಾ ದ್ವೀಪದಿಂದ ಆರು ಹಡಗು, ಸುಮಾರು 500 ಜನರೊಂದಿಗೆ ಹೊರಟ. ಕುರಿಯಾತ್ ಊರನ್ನು ಸುಟ್ಟು ಮಸ್ಕತ್‌ಗೆ ಬಂದ. ಆಗ ಈ ಕೋಟೆಗಳು ಇರಲಿಲ್ಲ. ಊರವರು ದಡದುದ್ದಕ್ಕೆ ಮರದ ದಿಮ್ಮಿ ನೆಟ್ಟು ಮಣ್ಣು ತುಂಬಿ ತಡೆಗೋಡೆ ಎಬ್ಬಿಸಿದ್ದರು. ಅಲ್ಬುಕರ್ಕ್ ಹಡಗಿನ ದೋಣಿಗಳಲ್ಲಿ ಜನರನ್ನು ಎರಡು ತಂಡವಾಗಿ ಇಳಿಸಿ ಗೋಡೆಯ ಎರಡು ಕೊನೆಗಳ ಮೇಲೆ ಬಿದ್ದ. ಕೊಲ್ಲಿಯೊಳಗೆ ಅಲೆಯ ಹೊಡೆತ ಕಡಿಮೆ. ತೋಪು ಹೊತ್ತ ಹಡಗುಗಳು ಲಂಗರು ಹಾಕಲು ಬೇಕಾದಷ್ಟು ಆಳವೂ ಇದೆ. ಹಡಗುಗಳನ್ನು ಕಾಪಾಡುತ್ತಿದ್ದ ಬಂದರೇ ಅಂದು ಶತ್ರುವಿಗೂ ಅನುಕೂಲವಾಯಿತು. ಊರು ಸುಟ್ಟುಹೋಯಿತು, ಸೆರೆಸಿಕ್ಕವರ ಕಿವಿ ಮೂಗು ಕೊಯ್ದರು. ಇಂಥ ದಾಳಿಯನ್ನು ಸಾಹಸದ ಕಥೆಯಾಗಿ ಮಾತ್ರ ಓದುವುದು ಸತ್ತವರಿಗೆ ಮಾಡುವ ಅನ್ಯಾಯ.

ಮೂರು ವರ್ಷದ ನಂತರ ಅದೇ ಅಲ್ಬುಕರ್ಕ್ ಗೋವಾಕ್ಕೆ ನುಗ್ಗಿದಾಗ ದಾರಿ ತೋರಿಸಿದವನು ನಮ್ಮ ಹೊನ್ನಾವರದ ತಿಮ್ಮಯ್ಯ. ಆ ಕರಾವಳಿಯನ್ನು ಬಲ್ಲ ತಿಮ್ಮಯ್ಯನ ನೆರವಿನಿಂದ 1510ರ ಆರಂಭದಲ್ಲಿ ಗೋವಾ ಸುಲಭವಾಗಿ ಕೈಸೇರಿತು. ಆದರೆ ಮೇ ತಿಂಗಳಲ್ಲಿ ಬಿಜಾಪುರದ ಆದಿಲಶಾಹಿ ಸೈನ್ಯ ತಿರುಗಿ ಬಿದ್ದು ಪೋರ್ಚುಗೀಸರನ್ನು ಹಡಗಿಗೆ ಅಟ್ಟಿತು. ಅಷ್ಟರಲ್ಲಿ ಮಳೆಗಾಲ ಕೂತಿತ್ತು. ಮಾಂಡೋವಿಯ ಅಳಿವೆ ದಾಟಿ ಕಡಲಿಗೆ ಹೋಗುವಂತಿಲ್ಲ, ದಡಕ್ಕೆ ಬರುವಂತಿಲ್ಲ. ಆಗಸ್ಟ್‌ವರೆಗೆ ಹಸಿವಿನಲ್ಲಿ ನದಿಯೊಳಗೇ ಕೊಳೆತರು. ನವೆಂಬರ್ 25ರಂದು ಗೋವಾ ಮತ್ತೆ ಅವರ ವಶವಾಯಿತು, ನಿಜ. ಆದರೂ ಆ ಮಳೆಗಾಲದ ಪಾಠ ದೊಡ್ಡದು: ದಡ ಹತ್ತುವ ಮೊದಲೇ ದಡ ಬಿಡುವ ದಾರಿಯನ್ನೂ ಯೋಚಿಸಿರಬೇಕು.

ಮಸ್ಕತ್‌ನಲ್ಲಿ ಪೋರ್ಚುಗೀಸರ ಆಳ್ವಿಕೆ 1650ರ ಜನವರಿಯಲ್ಲಿ ಮುಗಿಯಿತು. ಇಮಾಮ್ ಸುಲ್ತಾನ್ ಬಿನ್ ಸೈಫ್ ನೆಲದ ಕಡೆಯಿಂದ ಬಂದು ಪಟ್ಟಣ ಹಿಡಿದ. ಪೋರ್ಚುಗೀಸರು ಬಿಟ್ಟುಹೋದ ಹಡಗುಗಳಿಂದಲೇ ಒಮಾನಿಗಳ ನೌಕಾಬಲ ಬೆಳೆಯಿತು. 1695ರಲ್ಲಿ ಅರಬರ ಹಡಗುಗಳು ಮಂಗಳೂರಿಗೇ ಬಂದು ಬೆಂಕಿ ಇಟ್ಟವು. ಅರಬ್ ವ್ಯಾಪಾರಕ್ಕೆ ಪೋರ್ಚುಗೀಸರು ಒಡ್ಡಿದ್ದ ಅಡ್ಡಿಗೆ ಅದು ಪ್ರತೀಕಾರ. ಅದಕ್ಕೂ ಮೊದಲು, 1665ರ ಫೆಬ್ರವರಿಯಲ್ಲಿ, ಶಿವಾಜಿ ಮಾಲವಣದಿಂದ ಹಡಗು ಹತ್ತಿ ಬಸ್ರೂರಿನ ಮೇಲೆ ಇಳಿದಿದ್ದ. ಕಡಲಿನಿಂದ ಬರುವ ದಾಳಿ ನಮ್ಮ ಕರಾವಳಿಗೆ ಹೊಸತೇನಲ್ಲ.

ಕನ್ನಡಿಗರು, ಅದರಲ್ಲೂ ಬೆಂಗಳೂರಿನವರು, ತಿಳಿದಿರಲೇಬೇಕಾದ ದಾಳಿ ಬೇರೆಯೇ ಇದೆ. ಅದು 1914ರ ನವೆಂಬರ್‌ನಲ್ಲಿ ಟಾಂಗಾದಲ್ಲಿ ನಡೆದದ್ದು. ಇಂದಿನ ತಾಂಜಾನಿಯಾದ ಈ ಬಂದರು ಒಂದು ಕಾಲಕ್ಕೆ ಒಮಾನಿ ಮೂಲದ ಜಾಂಜಿಬಾರ್ ಸುಲ್ತಾನರ ಅಧೀನದಲ್ಲಿತ್ತು, ಆಗ ಜರ್ಮನರ ಕೈಯಲ್ಲಿತ್ತು. ಅದನ್ನು ಹಿಡಿಯಲು ಅಕ್ಟೋಬರ್ 16ರಂದು ಮುಂಬಯಿಯಿಂದ ಬ್ರಿಟಿಷ್ ಭಾರತದ ಸುಮಾರು 8,000 ಜನರ ಪಡೆ ಹೊರಟಿತು. ಅದರ ಎರಡು ಬ್ರಿಗೇಡ್‌ಗಳಲ್ಲಿ ಒಂದು 27ನೇ ಬೆಂಗಳೂರು ಬ್ರಿಗೇಡ್. ಬೆಂಗಳೂರು ದಂಡಿನಲ್ಲಿದ್ದ ಲಾಯಲ್ ನಾರ್ತ್ ಲ್ಯಾಂಕಾಶೈರ್ ರೆಜಿಮೆಂಟಿನ ಪಟಾಲಮ್ಮು, 63ನೇ ಪಾಳೆಯಂಕೋಟೆ ಲೈಟ್ ಇನ್‌ಫೆಂಟ್ರಿ, 98ನೇ ಇನ್‌ಫೆಂಟ್ರಿ, 101ನೇ ಗ್ರೆನೇಡಿಯರ್ಸ್ ಅದರಲ್ಲಿದ್ದವು. ದಂಡನಾಯಕ ಮೇಜರ್ ಜನರಲ್ ಆರ್ಥರ್ ಐಟ್ಕನ್.

ಕೊನೆಯ ನೂರು ಗಜದ ದೃಷ್ಟಿಯಿಂದ ನೋಡಿದರೆ ಟಾಂಗಾದಲ್ಲಿ ತಪ್ಪದೆ ಉಳಿದದ್ದು ಒಂದೂ ಇಲ್ಲ. ನವೆಂಬರ್ 2ರ ಬೆಳಗ್ಗೆ ಫಾಕ್ಸ್ ಎಂಬ ಬ್ರಿಟಿಷ್ ಯುದ್ಧನೌಕೆಯ ಕ್ಯಾಪ್ಟನ್ ಊರಿಗೆ ಹೋಗಿ, ದಾಳಿ ಮಾಡುವುದಿಲ್ಲವೆಂಬ ಹಿಂದಿನ ಒಪ್ಪಂದ ಮುರಿದಿದೆ, ಶರಣಾಗಿ ಎಂದು ತಿಳಿಸಿದ. ಶತ್ರುವಿಗೆ ಮುನ್ಸೂಚನೆ ಕೊಟ್ಟಂತಾಯಿತು. ಬಂದರಿನಲ್ಲಿ ಮೈನ್ ಇವೆಯೇ ಎಂದು ಜರ್ಮನ್ ಅಧಿಕಾರಿಯನ್ನೇ ಕೇಳಿದ. ಆತ ಇವೆ ಎಂದುಬಿಟ್ಟ. ಇಲ್ಲದ ಮೈನ್‌ಗಳನ್ನು ಹುಡುಕುತ್ತಾ ಹೊತ್ತು ಕಳೆಯಿತು. ಆ ಹೊತ್ತಿನಲ್ಲಿ ಜರ್ಮನ್ ಸೇನಾಪತಿ ಲೆಟ್ಟೊ-ಫೋರ್ಬೆಕ್ ಮೋಶಿಯಿಂದ ರೈಲಿನಲ್ಲಿ ತನ್ನ ಜನರನ್ನು ತರಿಸತೊಡಗಿದ. ಇತ್ತ ಐಟ್ಕನ್ ದಡವನ್ನು ಮುಂಚಿತವಾಗಿ ಪರೀಕ್ಷಿಸಿರಲಿಲ್ಲ. ಊರಿನಿಂದ ದೂರದ ರಾಸ್ ಕಸೋನೆ ಭೂಶಿರದ ಬಳಿ, ಹುಣ್ಣಿಮೆಯ ರಾತ್ರಿಯಲ್ಲಿ, ದೊಡ್ಡ ದೋಣಿಗಳನ್ನು ಎಳೆಸಿಕೊಂಡು ಸೈನಿಕರು ಇಳಿದರು. ಎದುರಿಗೆ ಕಾಂಡ್ಲಾ ಗಿಡಗಳ ಕೆಸರು, ಅದರಾಚೆ ಕಡಿದಾದ ದಿಬ್ಬ, ಮೇಲೆ ದಟ್ಟ ಪೊದೆ ಮತ್ತು ತೋಟ. ಎರಡು ವಾರಕ್ಕೂ ಮಿಕ್ಕಿ ಹಡಗಿನಲ್ಲಿ ವಾಂತಿ ಮಾಡಿಕೊಂಡು ಬಂದವರನ್ನು ನೇರವಾಗಿ ಅದರೊಳಕ್ಕೆ ಕಳುಹಿಸಿದರು.

ನವೆಂಬರ್ 4ರ ಮುಖ್ಯ ದಾಳಿಯಲ್ಲಿ ಲ್ಯಾಂಕಾಶೈರ್‌ನವರು ಮತ್ತು ಇನ್ನೊಂದು ಬ್ರಿಗೇಡ್‌ನ ಕಾಶ್ಮೀರ ರೈಫಲ್ಸ್ ಊರಿನ ಬೀದಿಗಳವರೆಗೆ ತಲುಪಿದರು. ಅಷ್ಟರಲ್ಲಿ ಎಡಭಾಗದ ಸಾಲು ಕುಸಿದಿತ್ತು. ಗುಂಡಿನ ಸದ್ದಿಗೆ ಮರಗಳಲ್ಲಿದ್ದ ಜೇನುನೊಣಗಳು ಎದ್ದು ಎರಡೂ ಕಡೆಯವರನ್ನು ಕಚ್ಚಿದವು. ಇಂಗ್ಲಿಷ್ ಪುಸ್ತಕಗಳು ಈ ಜೇನುನೊಣಗಳ ಕಥೆಯನ್ನು ಬಹಳ ರಂಜಿಸಿ ಹೇಳುತ್ತವೆ. ಸೋಲಿನ ಕಾರಣ ಅದಲ್ಲ. ಸುಮಾರು 1,000 ಜನರ ಎದುರು 8,000 ಜನರು ಸೋತದ್ದು ದಡ ನೋಡದೆ ಇಳಿದದ್ದರಿಂದ, ಶತ್ರುವಿಗೆ ಎರಡು ದಿನ ಕೊಟ್ಟದ್ದರಿಂದ. ಎಂಟುನೂರಕ್ಕೂ ಹೆಚ್ಚು ಸೈನಿಕರು ಸತ್ತರು ಅಥವಾ ಗಾಯಗೊಂಡರು. 5ರಂದು ಉಳಿದವರು ಮೆಷಿನ್ ಗನ್‌ಗಳನ್ನೂ ಲಕ್ಷಗಟ್ಟಲೆ ತೋಟಾಗಳನ್ನೂ ದಡದಲ್ಲೇ ಬಿಟ್ಟು ಹಡಗು ಹತ್ತಿದರು. 1918ರ ಹೈಫಾ ಗೆಲುವಿನ ಮೈಸೂರು ಲ್ಯಾನ್ಸರ್ಸ್‌ಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕವಿದೆ, ಇರಬೇಕಾದದ್ದೇ. ಬೆಂಗಳೂರಿನ ಹೆಸರು ಹೊತ್ತು ಟಾಂಗಾದಲ್ಲಿ ಸತ್ತವರನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ದೋಣಿಯ ಮಾತಿಗೆ ಬರೋಣ. ಟಾಂಗಾದಲ್ಲೂ 1915ರ ಟರ್ಕಿಯ ಗಲಿಪೊಲಿ ದಾಳಿಯ ಮೊದಲ ದಿನವೂ ಸೈನಿಕರು ದೋಣಿಯ ಅಂಚು ದಾಟಿ ನೀರಿಗೆ ಹಾರಬೇಕಿತ್ತು. ಮೂತಿಯನ್ನೇ ಬಾಗಿಲಾಗಿ ಮಾಡಿ ಮುಂದಕ್ಕೆ ಬೀಳಿಸುವ ಉಪಾಯ ಆಮೇಲೆ ಬೇರೂರಿತು. ಇದನ್ನು ಅರಿಯಲು ಮಲೆನಾಡಿನವರಿಗೆ ಪುಸ್ತಕ ಬೇಡ. ಶರಾವತಿ ಹಿನ್ನೀರಿನಲ್ಲಿ ಸೇತುವೆ ಬರುವ ಮೊದಲು ಸಿಗಂದೂರಿನ ಲಾಂಚ್ ಹೇಗೆ ಚಪ್ಪಟೆ ತಳದಲ್ಲಿ ದಡಕ್ಕೆ ತಾಗಿ, ಹಲಗೆ ಇಳಿಸಿ, ಬಸ್ಸು ಜೀಪುಗಳನ್ನು ಹೊರಬಿಡುತ್ತಿತ್ತೋ, ದಾಳಿಯ ದೋಣಿಯ ತತ್ವವೂ ಅದೇ. 1937ರಲ್ಲಿ ಶಾಂಘೈನಲ್ಲಿ ಜಪಾನೀಯರ ಇಂಥ ದೋಣಿಗಳನ್ನು ಅಮೆರಿಕದ ಯುವ ಅಧಿಕಾರಿ ವಿಕ್ಟರ್ ಕ್ರುಲಾಕ್ ಫೋಟೊ ತೆಗೆದು ಕಳುಹಿಸಿದ. ನ್ಯೂ ಆರ್ಲಿಯನ್ಸ್‌ನ ಆಂಡ್ರ್ಯೂ ಹಿಗ್ಗಿನ್ಸ್ ಜೌಗು ನೀರಿನಲ್ಲಿ ಓಡಾಡಲು ಕಟ್ಟುತ್ತಿದ್ದ ದೋಣಿಗೆ ಅಂಥದೇ ಬಾಗಿಲು ಬಂತು. ಸುಮಾರು 11 ಮೀಟರ್ ಉದ್ದ, ಬಹುಪಾಲು ಪ್ಲೈವುಡ್, ಒಳಗೆ 36 ಸೈನಿಕರು. ಪ್ರೊಪೆಲ್ಲರ್ ನೆಲಕ್ಕೆ ತಾಗದಂತೆ ತಳದಲ್ಲೇ ಗೂಡು. ಮರಳಿಗೆ ಏರಿ, ಜನರನ್ನು ಇಳಿಸಿ, ತಾನಾಗಿ ಹಿಂದಕ್ಕೆ ಸರಿದು ಮತ್ತೆ ಹಡಗಿಗೆ ಹೋಗುತ್ತಿತ್ತು. ಇಂಥವನ್ನು 20,000ಕ್ಕೂ ಹೆಚ್ಚು ಕಟ್ಟಿದರು. ಟ್ಯಾಂಕ್ ಹೊರುವ ದೊಡ್ಡ ಹಡಗುಗಳು ದಡಕ್ಕೆ ಬರುವಾಗಲೇ ಹಿಂದಿನಿಂದ ಒಂದು ಲಂಗರು ಬಿಟ್ಟು ಬರುತ್ತವೆ. ಮರಳುವಾಗ ಅದರ ಹಗ್ಗವನ್ನು ಸುತ್ತಿಕೊಂಡು ತಮ್ಮನ್ನು ತಾವೇ ಎಳೆದುಕೊಳ್ಳುತ್ತವೆ.

ಎಷ್ಟೇ ಒಳ್ಳೆಯ ದೋಣಿಯಾದರೂ ನೀರಿನ ಲೆಕ್ಕ ತಪ್ಪಿದರೆ ಫಲವಿಲ್ಲ. ಈ ಲೆಕ್ಕಕ್ಕೆ ಕನ್ನಡ ಓದುಗರ ಮನೆಯಲ್ಲೇ ಒಂದು ಸಾಧನವಿದೆ, ಪಂಚಾಂಗ. ಹುಣ್ಣಿಮೆ ಅಮಾವಾಸ್ಯೆಗೆ ಉಬ್ಬರ ದೊಡ್ಡದು, ಅಷ್ಟಮಿಯ ಹೊತ್ತಿಗೆ ಸಣ್ಣದು. 1943ರ ನವೆಂಬರ್ 20ರಂದು ಅಮೆರಿಕದ ಮರೀನ್ ಸೈನಿಕರು ಪೆಸಿಫಿಕ್‌ನ ತರಾವಾದಲ್ಲಿ ಇಳಿದರು. ಅಂದು ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸು. ಹವಳದ ಬಂಡೆಯ ಮೇಲೆ ಹಿಗ್ಗಿನ್ಸ್ ದೋಣಿ ತೇಲುವಷ್ಟು ನೀರು ಏರಲೇ ಇಲ್ಲ. ದೋಣಿಗಳು ನಿಂತಲ್ಲೇ ನಿಂತವು. ಸೈನಿಕರು ನೂರಾರು ಗಜ ಎದೆಮಟ್ಟದ ನೀರಿನಲ್ಲಿ ಗುಂಡಿಗೆ ಎದುರಾಗಿ ನಡೆದರು. ಮೂರು ದಿನದಲ್ಲಿ ಅವರಲ್ಲಿ ಸುಮಾರು ಸಾವಿರ ಜನ ಸತ್ತರು.

1944ರ ಜೂನ್ 6, ನಾರ್ಮಂಡಿ ದಾಳಿಯ ದಿನ, ಹುಣ್ಣಿಮೆ. ಅದು ಕಾಕತಾಳೀಯವಲ್ಲ. ಪ್ಯಾರಾಚೂಟ್‌ನವರಿಗೆ ರಾತ್ರಿಯ ಬೆಳಕು ಬೇಕಿತ್ತು. ದೋಣಿಗಳಿಗೆ ಬೆಳಗಿನ ಜಾವದ ಇಳಿತ ಬೇಕಿತ್ತು, ಜರ್ಮನರು ಮರಳಿನಲ್ಲಿ ನೆಟ್ಟ ಕಬ್ಬಿಣದ ತಡೆಗಳು ಕಾಣುವಂತೆ. ಇಳಿತದ ನಂತರ ಏರುವ ನೀರು ದೋಣಿಗಳನ್ನು ಎತ್ತಿ ಮರಳಿಸುತ್ತದೆ. ಅದಕ್ಕೂ ಮೊದಲು ಬ್ರಿಟನ್ನಿನಲ್ಲಿ ಬಿಬಿಸಿ ರೇಡಿಯೊ ಮೂಲಕ ಜನರ ಪ್ರವಾಸದ ಫೋಟೊಗಳನ್ನು ಕೇಳಿ ಪಡೆದು ಫ್ರಾನ್ಸಿನ ದಡಗಳನ್ನು ಅಭ್ಯಾಸ ಮಾಡಿದ್ದರು. 1943ರ ಡಿಸೆಂಬರ್ 31ರ ರಾತ್ರಿ ಲೋಗನ್ ಸ್ಕಾಟ್-ಬೌಡೆನ್ ಮತ್ತು ಬ್ರೂಸ್ ಆಗ್ಡೆನ್-ಸ್ಮಿತ್ ಎಂಬ ಇಬ್ಬರು ಈಜಿ ದಡ ಸೇರಿ, ಕೊಳವೆ ಚುಚ್ಚಿ ಮರಳಿನ ಮಾದರಿ ತಂದರು. ಟ್ಯಾಂಕ್‌ನ ಭಾರಕ್ಕೆ ಆ ಮರಳು ತಡೆಯುತ್ತದೆಯೇ ಎಂದು ಪರೀಕ್ಷಿಸುವುದಕ್ಕಾಗಿ. ನನ್ನ ಪಾಲಿಗೆ ಆ ಇಡೀ ಯುದ್ಧದಲ್ಲಿ ಇದಕ್ಕಿಂತ ದೊಡ್ಡ ಸಾಹಸವಿಲ್ಲ. ಇವರು ತಂದ ಒಂದೊಂದು ಹಿಡಿ ಮರಳು ಎಷ್ಟು ಜನರ ಜೀವ ಉಳಿಸಿತೋ!

ನಮ್ಮ ಸೇನೆಯೂ ಈ ಪಾಠವನ್ನು ಕಷ್ಟಪಟ್ಟೇ ಕಲಿತಿದೆ. 1971ರ ಡಿಸೆಂಬರ್‌ನಲ್ಲಿ, ಯುದ್ಧದ ಕೊನೆಯ ದಿನಗಳಲ್ಲಿ, ಘರಿಯಾಲ್ ಮತ್ತು ಗುಲ್ದಾರ್ ಹಡಗುಗಳಿಂದ ಗೂರ್ಖಾ ಜವಾನರನ್ನು ಇಂದಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಬಳಿ ಇಳಿಸಲು ಹೊರಟರು. ದಡದಲ್ಲಿ ಶತ್ರುವಿನ ಗುಂಡು ಇರಲಿಲ್ಲ. ಆದರೆ ದಡಕ್ಕೆ ಮುಂಚಿನ ಮರಳ ದಿಣ್ಣೆಗೆ ಹಡಗು ತಾಗಿತು. ದಿಣ್ಣೆಯಾಚೆ ನೀರು ಆಳವಾಗಿತ್ತು. ಹೊರೆ ಹೊತ್ತು ಇಳಿದ ಕೆಲವು ಜವಾನರು ಅಲ್ಲಿ ಮುಳುಗಿ ಸತ್ತರು. ಉಳಿದವರು ಸ್ಥಳೀಯ ದೋಣಿಗಳಲ್ಲಿ ದಡ ಸೇರಬೇಕಾಯಿತು. ಆ ದಿಣ್ಣೆ ಎಲ್ಲಿದೆ, ದೋಣಿ ಎಲ್ಲಿಂದ ಹೋಗಬೇಕು ಎಂಬುದು ಅಲ್ಲಿಯ ಮೀನುಗಾರರಿಗೆ ಗೊತ್ತಿತ್ತು.

ಇಷ್ಟು ವರ್ಷದ ಓದಿನಿಂದ ನನಗೆ ಖಚಿತವಾಗಿರುವುದು ಇದು: ದಡವನ್ನು ಬಲ್ಲವನಿಗೆ ದಡ ಒಲಿಯುತ್ತದೆ. ಸಂಖ್ಯೆ, ತೋಪು, ಶೌರ್ಯ ಎಲ್ಲವೂ ಆ ತಿಳಿವಳಿಕೆಯ ನಂತರ. ಆ ತಿಳಿವಳಿಕೆ ದಾಳಿ ಮಾಡುವವನಿಗೆ ಎಷ್ಟು ಬೇಕೋ, ಕಾಯುವವನಿಗೆ ಅದಕ್ಕಿಂತ ಹೆಚ್ಚು ಬೇಕು. ನೆರೆಯಲ್ಲಿ, ಚಂಡಮಾರುತದಲ್ಲಿ ಜನರನ್ನು ದೋಣಿಯಲ್ಲಿ ಪಾರು ಮಾಡುವವನಿಗೂ ಬೇಕು.

ಆದ್ದರಿಂದ ಕರಾವಳಿಯ ಓದುಗರಲ್ಲಿ ಒಂದು ವಿನಂತಿ. ಕಾರವಾರದಿಂದ ಉಳ್ಳಾಲದವರೆಗೆ ಪ್ರತಿ ಅಳಿವೆಯಲ್ಲೂ ಮರಳ ದಿಣ್ಣೆ ಯಾವ ತಿಂಗಳು ಎತ್ತ ಸರಿಯುತ್ತದೆ, ಯಾವ ತಿಥಿಗೆ ಯಾವ ದಾರಿಯಲ್ಲಿ ದೋಣಿ ಹೋಗುತ್ತದೆ ಎಂದು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಹೊನ್ನಾವರ, ಗಂಗೊಳ್ಳಿ, ಕೋಡಿಬೆಂಗ್ರೆಯ ಕಡೆ ನಿಮ್ಮವರು ಯಾರಾದರೂ ಇದ್ದರೆ ಅವರ ಬಳಿ ಕುಳಿತು ಕೇಳಿ, ಬರೆದಿಡಿ. ಬೆಂಗಳೂರಿನ ಓದುಗರು ತಮ್ಮ ಊರಿನ ಹೆಸರಿನ ಬ್ರಿಗೇಡ್ ಟಾಂಗಾದಲ್ಲಿ ಏನನ್ನು ಅನುಭವಿಸಿತೆಂದು ಮಕ್ಕಳಿಗೆ ಹೇಳಲಿ.