ಹಲ್ಲು ಹೋದರೆ ಹೋಗಲಿ ಎನ್ನಬೇಡಿ

"ಜೀವ ಉಳಿದದ್ದೇ ದೊಡ್ಡದು, ಹಲ್ಲು ಹೋದರೆ ಹೋಗಲಿ." ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿಸಿ ಊರಿಗೆ ಮರಳಿದವರ ಮನೆಗಳಲ್ಲಿ ಸಮಾಧಾನಕ್ಕೆಂದು ಆಡುವ ಮಾತಿದು. ವೈದ್ಯರಲ್ಲೂ ಕೆಲವರು ಹೀಗೇ ಯೋಚಿಸುತ್ತಾರೆ. ಮಾತಿನ ಹಿಂದಿರುವ ಕಳಕಳಿ ನಿಜ, ತಿಳಿವಳಿಕೆ ಮಾತ್ರ ತಪ್ಪು. ವಿಕಿರಣ ಪಡೆದ ಬಾಯಲ್ಲಿ ಹಲ್ಲಿನ ಕೇಡು ಹಲ್ಲಿಗೇ ನಿಲ್ಲುವುದಿಲ್ಲ.

ಜನ ‘ಕರೆಂಟ್ ಕೊಡುವುದು’ ಎನ್ನುವ ಈ ಚಿಕಿತ್ಸೆ ಸಾಮಾನ್ಯವಾಗಿ ಆರೇಳು ವಾರ ನಡೆಯುತ್ತದೆ. ಒಟ್ಟು ಪ್ರಮಾಣ 60ರಿಂದ 70 ಗ್ರೇ (ವಿಕಿರಣ ಅಳೆಯುವ ಮಾನ). ಕಿವಿಯ ಮುಂದಿರುವ ಜೊಲ್ಲುಗ್ರಂಥಿಗಳಿಗೆ ಸರಾಸರಿ 26 ಗ್ರೇಗಿಂತ ಹೆಚ್ಚು ಬಿದ್ದರೆ ಅವು ಚೇತರಿಸಿಕೊಳ್ಳುವುದು ಕಷ್ಟ. ಜೊಲ್ಲು ಬರೀ ನೀರಲ್ಲ. ಉಂಡ ಮೇಲೆ ಬಾಯಲ್ಲಿ ಹುಟ್ಟುವ ಆಮ್ಲವನ್ನು ತಗ್ಗಿಸುವುದು, ಸವೆದ ಹಲ್ಲಿಗೆ ಕ್ಯಾಲ್ಸಿಯಂ, ಫಾಸ್ಫೇಟ್ ಮರಳಿಸುವುದು ಅದೇ. ಅದು ಬತ್ತಿದರೆ ಒಸಡಿನ ಅಂಚಿನಲ್ಲಿ ಕೆಲವೇ ತಿಂಗಳಲ್ಲಿ ಹುಳುಕು ಹಬ್ಬುತ್ತದೆ. ಸಾಮಾನ್ಯವಾಗಿ ಹುಳುಕು ಹತ್ತದ ಕೆಳಗಿನ ಮುಂಬಲ್ಲುಗಳನ್ನೂ ಬಿಡುವುದಿಲ್ಲ. ಎಷ್ಟೋ ಸಲ ನೋವೂ ಇರುವುದಿಲ್ಲ. ಹಲ್ಲು ಬುಡದಲ್ಲಿ ಮುರಿದಾಗಲೇ ಗೊತ್ತಾಗುತ್ತದೆ. ಉಳಿದ ಬೇರನ್ನು ಕಿತ್ತರೆ, ರಕ್ತಸಂಚಾರ ಕುಗ್ಗಿದ ದವಡೆಯಲ್ಲಿ ಗಾಯ ಮಾಯದೆ ಮೂಳೆಯೇ ಸಾಯಬಹುದು. ಕೆಳದವಡೆಗೆ ಈ ಅಪಾಯ ಹೆಚ್ಚು, ವರ್ಷಗಳು ಕಳೆದರೂ ಅದು ತೀರುವುದಿಲ್ಲ. ಹೋದರೆ ಹೋಗಲಿ ಎಂದು ಬಿಟ್ಟ ಹಲ್ಲು ಕೊನೆಗೆ ದವಡೆಯನ್ನೇ ಕತ್ತರಿಸುವಲ್ಲಿಗೆ ತಂದು ನಿಲ್ಲಿಸಬಹುದು.

ಹಾಗಾದರೆ ಮೊದಲೇ ಎಲ್ಲ ಹಲ್ಲನ್ನೂ ಕೀಳಿಸಿಬಿಟ್ಟರಾಯಿತು ಎನ್ನುವವರಿದ್ದಾರೆ. ಒಂದು ಕಾಲಕ್ಕೆ ಹಾಗೆ ಮಾಡುತ್ತಲೂ ಇದ್ದರು. ಆದರೆ ಒಣಗಿದ ಬಾಯಲ್ಲಿ ಹಲ್ಲುಸೆಟ್ ಸರಿಯಾಗಿ ಕೂರುವುದಿಲ್ಲ, ಉಜ್ಜಿ ಹುಣ್ಣಾಗುತ್ತದೆ, ಆ ಹುಣ್ಣೂ ಬೇಗ ಮಾಯುವುದಿಲ್ಲ. ಉಳಿಸಲಾಗದ ಹಲ್ಲುಗಳನ್ನು ಮಾತ್ರ ತೆಗೆಯಬೇಕು; ಅದೂ ವಿಕಿರಣ ಶುರುವಾಗುವ ಹೊತ್ತಿಗೆ ಗಾಯ ಮಾಯಲು ಎರಡು ವಾರವಾದರೂ ಸಿಗುವಂತೆ.

ಕ್ಯಾನ್ಸರ್ ಅಷ್ಟು ದಿನ ಕಾಯುತ್ತದೆಯೇ ಎಂಬ ಆಕ್ಷೇಪ ತೂಕದ್ದೇ. ಹಲ್ಲಿಗಾಗಿ ಕ್ಯಾನ್ಸರ್ ಚಿಕಿತ್ಸೆ ತಡವಾಗಕೂಡದು. ಆದರೆ ನಮ್ಮಲ್ಲಿ ಬಾಯಿ ಕ್ಯಾನ್ಸರ್‌ಗೆ ಬಹುಮಟ್ಟಿಗೆ ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ಸುಮಾರು ಆರು ವಾರದೊಳಗೆ ವಿಕಿರಣ. ಶಸ್ತ್ರಚಿಕಿತ್ಸೆಯ ಅರಿವಳಿಕೆಯಲ್ಲೇ ಕೆಟ್ಟ ಹಲ್ಲುಗಳನ್ನೂ ತೆಗೆದರೆ ಒಂದು ದಿನವೂ ತಡವಾಗದು. ಕೊರತೆ ಸಮಯದ್ದಲ್ಲ, ದಂತವೈದ್ಯರನ್ನು ಮೊದಲ ದಿನವೇ ಕರೆಯದ ರೂಢಿಯದ್ದು.

ಚಿಕಿತ್ಸೆಯ ನಂತರದ ಆರೈಕೆಗೂ ಇಂಥದೇ ತಪ್ಪು ನಂಬಿಕೆಗಳು ಅಡ್ಡ ಬರುತ್ತವೆ. ಪಾವಗಡದಂಥ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್ ಹಲ್ಲು, ಮೂಳೆ ಕೆಡಿಸಿದ್ದನ್ನು ಕಂಡ ನಾಡಿನಲ್ಲಿ ಆ ಹೆಸರಿಗೇ ಹೆದರಿಕೆ. ವರ್ಷಗಟ್ಟಲೆ ಕುಡಿದು ಹೊಟ್ಟೆಗಿಳಿಯುವ ಫ್ಲೋರೈಡ್ ಬೇರೆ, ಹಲ್ಲಿಗೆ ಹಚ್ಚಿ ಉಗುಳುವ ಫ್ಲೋರೈಡ್ ಬೇರೆ. ಒಣಬಾಯಿಯವರಿಗೆ ವೈದ್ಯರು ಬರೆದುಕೊಡುವ ಗಟ್ಟಿ ಫ್ಲೋರೈಡ್ ಪೇಸ್ಟ್ ಅಥವಾ ಜೆಲ್ ದಿನನಿತ್ಯ ಬೇಕು, ಜೀವಮಾನವಿಡೀ ಬೇಕು. ಬಾಯಲ್ಲಿ ನೀರೂರಲಿ ಎಂದು ಪೆಪ್ಪರ್‌ಮೆಂಟ್ ಚೀಪುವುದು ಹುಳುಕಿಗೆ ಆಹಾರ ಹಾಕಿದಂತೆ. ಅಡಿಕೆಯ ಚೂರಂತೂ ಇನ್ನೂ ಕೇಡು: ಹೊಗೆಸೊಪ್ಪು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರ ವರದಿಯಲ್ಲೇ ಹೇಳಿದೆ. ಇವುಗಳ ಬದಲು ಆಗಾಗ ನೀರು ಗುಟುಕರಿಸಬೇಕು. ದವಡೆ ಬಿಗಿದುಕೊಳ್ಳದಂತೆ ಕಲಿಸಿಕೊಟ್ಟ ಬಾಯಿ ತೆರೆಯುವ ವ್ಯಾಯಾಮವನ್ನು ದಿನವೂ ಮಾಡಬೇಕು.

ಇಷ್ಟನ್ನೂ ರೋಗಿಯ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ದಂತವೈದ್ಯರು ನೋಡಿದ ದಾಖಲೆಯಿಲ್ಲದೆ ತಲೆ, ಕುತ್ತಿಗೆಯ ವಿಕಿರಣ ಶುರುವಾಗಬಾರದು. ದವಡೆಯ ಯಾವ ಭಾಗಕ್ಕೆ ಎಷ್ಟು ಗ್ರೇ ಬಿದ್ದಿದೆ, ಹಲ್ಲು ಕೀಳುವ ಮುನ್ನ ಯಾರನ್ನು ಕೇಳಬೇಕು ಎಂಬುದು ಡಿಸ್ಚಾರ್ಜ್ ಚೀಟಿಯಲ್ಲಿ ಇರಬೇಕು. ಐದು ವರ್ಷದ ಬಳಿಕ ಹಲ್ಲುನೋವೆಂದು ಬಂದವರ ಬಾಯಿಗೆ ಇಕ್ಕಳ ಹಾಕುವ ಮುನ್ನ ತಾಲ್ಲೂಕಿನ ದಂತವೈದ್ಯರಿಗೆ ಇದು ತಿಳಿದಿರಲೇಬೇಕು. ಆ ಎರಡು ಸಾಲು ಬರೆಯಲು ಹೊಸ ಯಂತ್ರವೂ ಬೇಡ, ಹೆಚ್ಚಿನ ಹಣವೂ ಬೇಡ.