ಕ್ಯಾಂಪಸ್ ವೈಫೈ ನೋಡಿಕೊಳ್ಳುವವರು
ಹರ್ತಿಯಂಥ ಊರುಗಳಿಂದ ಗದುಗಿನ ಕಾಲೇಜು, ಹಾಸ್ಟೆಲ್‌ಗಳಿಗೆ ಬರುವ ಮಕ್ಕಳ ಕೈಯಲ್ಲಿ ಅಣ್ಣ ಬಳಸಿ ಕೊಟ್ಟ ಹಳೆಯ ಫೋನೂ ಇರುತ್ತದೆ, ನಿನ್ನೆ ಕೊಂಡದ್ದೂ ಇರುತ್ತದೆ. ಎಲ್ಲವನ್ನೂ ಒಂದೇ ವೈಫೈಗೆ ಕೂಡಿಸುವ ತಂತ್ರಜ್ಞರ ಕೆಲಸ ನನಗೆ ಬಹಳ ಮೆಚ್ಚುಗೆ.

ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ವೈಫೈ ಹರಡುವ ಅಕ್ಕಪಕ್ಕದ ಆಕ್ಸೆಸ್ ಪಾಯಿಂಟ್‌ಗಳಿಗೆ ಇವನ್ನೇ ಜಾಣತನದಿಂದ ಹಂಚಬೇಕು. ಅವುಗಳ ಸಿಗ್ನಲ್ ಬಲ ಹೆಚ್ಚಿಸಿದರೆ ಸಾಕೆಂದು ನಮಗನ್ನಿಸುತ್ತದೆ. ಬಲ್ಲವರು ಎಷ್ಟೋ ಸಲ ತಗ್ಗಿಸುತ್ತಾರೆ, ಏಕೆಂದರೆ ಫೋನಿನ ಸಣ್ಣ ದನಿ ಅಷ್ಟು ದೂರ ಮರಳಿ ಮುಟ್ಟದು.

2019ರ ಆಂಡ್ರಾಯ್ಡ್ 10ರಿಂದೀಚೆಗೆ ಫೋನುಗಳು ಜಾಲಕ್ಕೆ ತಮ್ಮ ಗುರುತು ಹೇಳುವ ನಿಜವಾದ ಮ್ಯಾಕ್ ವಿಳಾಸ ಮುಚ್ಚಿಟ್ಟು ಬೇರೊಂದನ್ನು ತೋರಿಸುತ್ತವೆ. ಖಾಸಗಿತನಕ್ಕೆ ಒಳ್ಳೆಯದೇ. ಆದರೆ ಹಳೆಯ ವಿಳಾಸದಲ್ಲಿ ನೋಂದಾಯಿಸಿದ ಫೋನನ್ನು ಜಾಲ ಗುರುತಿಸದೆ ಹೊರಗೇ ನಿಲ್ಲಿಸಬಹುದು. ಆಗ ವಿದ್ಯಾರ್ಥಿಯ ಪಕ್ಕ ಕೂತು ಸೆಟ್ಟಿಂಗ್ ತೆರೆಸಿ, ಕಾರಣ ತಿಳಿಸಿ ಸರಿಪಡಿಸುವವರೇ ನನ್ನ ಲೆಕ್ಕದಲ್ಲಿ ದೊಡ್ಡ ಕುಶಲಕರ್ಮಿಗಳು.