ಭಾವೈಕ್ಯದ ಆಚೆಗೆ: ಯಾದಗಿರಿ, ಶಹಾಪುರ, ಸುರಪುರ ಪರಿಸರದ ಹಬ್ಬ-ಜಾತ್ರೆಗಳ ಮರುಪರಿಶೀಲನೆ

ಕೃಷ್ಣಾ ಮತ್ತು ಭೀಮಾ ನದಿಗಳ ಆಸರೆಯಲ್ಲಿ ಬೆಳೆದ ಯಾದಗಿರಿ, ಶಹಾಪುರ, ಸುರಪುರ ಪರಿಸರವು ಹಲವು ಆಳ್ವಿಕೆಗಳನ್ನು ಕಂಡ ಪ್ರದೇಶ. ಸಗರನಾಡೆಂದು ಹೆಸರಾದ ಸೀಮೆಯೂ ಇದರೊಳಗೇ ಇದೆ. ಬಿಜಾಪುರದ ಆದಿಲ್‌ಶಾಹಿಗಳು, ಸುರಪುರದ ನಾಯಕ ಅರಸರು, ಹೈದರಾಬಾದಿನ ನಿಜಾಮರು ಇಲ್ಲಿ ಒಬ್ಬರಾದ ಮೇಲೊಬ್ಬರು ಅಧಿಕಾರ ನಡೆಸಿದರು. 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡು, 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. 2009ರ ಡಿಸೆಂಬರ್‌ನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಈ ಎಲ್ಲ ಪಲ್ಲಟಗಳನ್ನು ದಾಟಿಬಂದ ಇಲ್ಲಿನ ಹಬ್ಬ-ಜಾತ್ರೆಗಳನ್ನು ಕುರಿತ ಬರಹಗಳಲ್ಲಿ 'ಭಾವೈಕ್ಯ' ಎಂಬ ಒಂದೇ ಪದ ಮತ್ತೆ ಮತ್ತೆ ಬರುತ್ತದೆ. ಈ ಪದ ಸದಾಶಯದ್ದು, ಸಂದೇಹವಿಲ್ಲ. ಆದರೆ ಆಚರಣೆಗಳ ಒಳರಚನೆಯನ್ನು ಅದು ಎಷ್ಟರಮಟ್ಟಿಗೆ ವಿವರಿಸಬಲ್ಲದು ಎಂಬುದು ಪರಿಶೀಲನೆಗೆ ಅರ್ಹವಾದ ಪ್ರಶ್ನೆ.

ಮೊದಲಿಗೆ ಮೊಹರಂ ಆಚರಣೆಯನ್ನು ಗಮನಿಸಬಹುದು. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ನಡೆದ ಇಮಾಮ್ ಹುಸೇನರ ಬಲಿದಾನದ ನೆನಪು ಇಲ್ಲಿನ ಹಳ್ಳಿಗಳಲ್ಲಿ 'ಅಲಾಯಿ ಹಬ್ಬ'ವಾಗಿದೆ. ಪಂಜಾಗಳು 'ಪೀರಲ ದೇವರು' ಆಗಿವೆ. ಕರ್ಬಲಾದ ಕತೆ ಕನ್ನಡದ ರಿವಾಯತ್ ಪದಗಳಾಗಿದೆ. ಮುಸ್ಲಿಮೇತರರೂ ಸಕ್ಕರೆ ಓದಿಸುತ್ತಾರೆ, ಲಾಡಿ ಕಟ್ಟಿಕೊಂಡು ಫಕೀರರಾಗುತ್ತಾರೆ, ಚೊಂಗೆಯ ಎಡೆ ಕೊಡುತ್ತಾರೆ. ಚಾಂದ್ರಮಾನದ ಈ ಹಬ್ಬ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುವುದರಿಂದ ಒಮ್ಮೆ ಬಿತ್ತನೆಯ ಕಾಲಕ್ಕೆ, ಇನ್ನೊಮ್ಮೆ ಸುಗ್ಗಿಗೆ, ಮತ್ತೊಮ್ಮೆ ಬಿರುಬೇಸಿಗೆಗೆ ಬರುತ್ತದೆ. ಒಕ್ಕಲುತನದ ಋತುಚಕ್ರಕ್ಕೆ ಹೊಂದದ ಹಬ್ಬವೊಂದನ್ನು ಒಕ್ಕಲು ಮಕ್ಕಳು ತಮ್ಮದಾಗಿಸಿಕೊಂಡಿರುವುದು ಸಾಮಾನ್ಯ ಸಂಗತಿಯಲ್ಲ.

ಆದರೆ ಇದನ್ನು ನಂಬಿಕೆಗಳ ಐಕ್ಯವೆಂದು ಕರೆದರೆ ಅರ್ಧ ಸತ್ಯವಷ್ಟೇ ಹೇಳಿದಂತಾಗುತ್ತದೆ. ಪಂಜಾ ಹೊರುವವರು ಯಾರು, ಅಲಾಯಿ ಕುಣಿ ತೋಡುವವರು ಯಾರು, ಹಲಗೆ ಬಾರಿಸುವವರು ಯಾರು, ಮೊದಲ ಮರ್ಯಾದೆ ಯಾವ ಮನೆಗೆ ಎಂಬುದೆಲ್ಲ ಊರೂರಲ್ಲಿ ಕಟ್ಟಳೆಯಾಗಿ ನಿಂತಿದೆ. ಇಲ್ಲಿರುವುದು ಕೆಲಸದ ಹಂಚಿಕೆ. ಆ ಹಂಚಿಕೆ ಜಾತಿಶ್ರೇಣಿಯನ್ನೇ ಅನುಸರಿಸುತ್ತದೆ. ಹಲಗೆಯ ದನಿಯಿಲ್ಲದೆ ಅಲಾಯಿ ಕುಣಿತವಿಲ್ಲ. ಆದರೆ ಹಲಗೆ ಹಿಡಿದ ಕೈಗೆ ಪಂಜಾ ಹಿಡಿಯುವ ಅಧಿಕಾರ ಎಲ್ಲೆಡೆ ದೊರೆತಿಲ್ಲ. ಕಲ್ಯಾಣ ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ಹಬ್ಬದ ಸಂದರ್ಭದ ಘರ್ಷಣೆಗಳಿಂದಾಗಿ ಆಡಳಿತವು ಮೊಹರಂ ಆಚರಣೆಯನ್ನೇ ನಿರ್ಬಂಧಿಸಿದ್ದುಂಟು. ಭಾವೈಕ್ಯದ ಪರಿಭಾಷೆ ಇಂಥ ಘರ್ಷಣೆಯನ್ನು ಅಪವಾದವೆಂದು ಬದಿಗೆ ಸರಿಸುತ್ತದೆ. ವಾಸ್ತವದಲ್ಲಿ ಅದು ಹಬ್ಬದ ರಚನೆಯಲ್ಲೇ ಅಡಗಿರುವ ಪ್ರಶ್ನೆ.

ಈ ಮಾತಿಗೆ ದೂರದ ನಿದರ್ಶನವೊಂದು ಬೆಳಕು ನೀಡುತ್ತದೆ. ಕೆರಿಬಿಯನ್ ದ್ವೀಪವಾದ ಟ್ರಿನಿಡಾಡ್‌ಗೆ ಕಬ್ಬಿನ ತೋಟಗಳ ದುಡಿಮೆಗೆಂದು ಹೋದ ಭಾರತೀಯ ಕೂಲಿಕಾರರು ಮೊಹರಂ ಅನ್ನು 'ಹೊಸೆ' ಎಂಬ ಹೆಸರಿನಲ್ಲಿ ಉಳಿಸಿಕೊಂಡರು. ಅದರಲ್ಲಿ ಹಿಂದೂ ಕೂಲಿಕಾರರೂ ದೊಡ್ಡ ಸಂಖ್ಯೆಯಲ್ಲಿ ಪಾಲ್ಗೊಳ್ಳುತ್ತಿದ್ದರು. 1884ರ ಅಕ್ಟೋಬರ್ 30ರಂದು ಮೆರವಣಿಗೆಯ ಮೇಲೆ ವಸಾಹತು ಸರ್ಕಾರ ಗುಂಡು ಹಾರಿಸಿ ಹಲವರು ಸತ್ತರು. ಅಲ್ಲಿ ಜನರನ್ನು ಒಂದುಗೂಡಿಸಿದ್ದು ಧರ್ಮಸಮನ್ವಯದ ತತ್ವಕ್ಕಿಂತ ಹೆಚ್ಚಾಗಿ ಒಂದೇ ತೋಟದ ಬೆವರು. ಸಗರನಾಡಿನ ಅಲಾಯಿ ಕುಣಿಯ ಸುತ್ತ ನಿಂತವರನ್ನೂ ದುಡಿಮೆಯ ಈ ನೆಲೆಯಿಂದ ನೋಡುವ ಅಗತ್ಯವಿದೆ.

ಸುರಪುರ ತಾಲ್ಲೂಕಿನ ತಿಂಥಣಿಯ ಮೌನೇಶ್ವರ ಪರಂಪರೆ ಇದಕ್ಕಿಂತ ಭಿನ್ನವಾದುದು. ವಿಶ್ವಕರ್ಮ ಮನೆತನದಲ್ಲಿ ಹುಟ್ಟಿದ ಮೌನೇಶ್ವರರು ವಚನಗಳನ್ನು ರಚಿಸಿದವರು. ಕೃಷ್ಣೆಯ ದಡದ ಅವರ ಗುಡಿಗೆ ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಗುಡಿಯ ವಾಸ್ತುವಿನಲ್ಲಿಯೂ ಜಾತ್ರೆಯ ಜಯಘೋಷದಲ್ಲಿಯೂ ಎರಡು ಪರಂಪರೆಗಳ ಗುರುತುಗಳು ಕೂಡಿಕೊಂಡಿವೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿರುವ ಚಂದಾ ಹುಸೇನಿ ದರ್ಗಾದ ಬಳಿ ಯೂಸುಫ್ ಸೇರಿದಂತೆ ಆದಿಲ್‌ಶಾಹಿ ಮನೆತನದ ಮೊದಲ ಸುಲ್ತಾನರ ಸಮಾಧಿಗಳಿವೆ. ಸುಲ್ತಾನರು ಸಂತನ ಮಗ್ಗುಲಲ್ಲಿ ಮಣ್ಣಾಗಲು ಬಯಸಿದರು. ಉರುಸಿಗೆ ಬರುವ ಭಕ್ತರು ಸಂತನನ್ನು ನೆನೆದು ಬರುತ್ತಾರೆಯೇ ಹೊರತು ಸುಲ್ತಾನರನ್ನಲ್ಲ. ಅಧಿಕಾರ ಮತ್ತು ಭಕ್ತಿಗಳ ನಡುವಣ ಜನತೆಯ ಆಯ್ಕೆ ಇಲ್ಲಿ ಸ್ಪಷ್ಟವಾಗಿದೆ.

ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಅಧಿಕಾರದ ನೆನಪು ಬೇರೊಂದು ರೂಪದಲ್ಲಿ ಉಳಿದಿದೆ. ಕೃಷ್ಣ ಜನ್ಮಾಷ್ಟಮಿಯ ಸಂದರ್ಭದ ಹಾಲೋಕಳಿಯಲ್ಲಿ ಯುವಕರು ಜಾರುವ ಎತ್ತರದ ಕಂಬಗಳನ್ನು ಏರುತ್ತಾರೆ. ಅರಸು ಮನೆತನದವರ ಸಾನ್ನಿಧ್ಯದಲ್ಲಿ ಉತ್ಸವ ನಡೆಯುತ್ತದೆ. ರಾಜಾ ವೆಂಕಟಪ್ಪನಾಯಕರ ಹೋರಾಟ 1858ರಲ್ಲಿ ಮುಗಿದು ಸಂಸ್ಥಾನವೇ ಅಳಿಯಿತು. ಅಳಿದ ರಾಜ್ಯವನ್ನು ಜನರು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಮರಳಿ ಕಟ್ಟಿಕೊಳ್ಳುತ್ತಾರೆ ಎನ್ನಬಹುದು.

ಯಾದಗಿರಿ ಸಮೀಪದ ಮೈಲಾಪುರದ ಮಲ್ಲಯ್ಯನ ಜಾತ್ರೆ ವಿಮರ್ಶಕನಿಗೆ ಅತ್ಯಂತ ಕಠಿಣವಾದ ಪ್ರಶ್ನೆಯನ್ನು ಒಡ್ಡುತ್ತದೆ. ಮಕರ ಸಂಕ್ರಾಂತಿಯಂದು ಭಂಡಾರದಲ್ಲಿ ಮಿಂದ ಜನಸಾಗರದ ನಡುವೆ ಪಲ್ಲಕ್ಕಿ ಗಂಗಾಸ್ನಾನಕ್ಕೆ ಸಾಗುತ್ತದೆ. ಸರಪಳಿ ಹರಿಯುವ ಪವಾಡ ನಡೆಯುತ್ತದೆ. ಹರಕೆ ಹೊತ್ತ ಕುರಿಗಾರರು ಪಲ್ಲಕ್ಕಿಯ ಮೇಲೆ ಕುರಿಮರಿಗಳನ್ನು ಎಸೆಯುವುದು ಇಲ್ಲಿನ ಹಳೆಯ ರೂಢಿ. ಕಾಲ್ತುಳಿತಕ್ಕೆ ಸಿಕ್ಕು ಮರಿಗಳು ಸಾಯುತ್ತಿದ್ದುದರಿಂದ ಜಿಲ್ಲಾಡಳಿತ ಅದನ್ನು ನಿಷೇಧಿಸಿ, ದಾರಿಯಲ್ಲಿ ತಪಾಸಣೆ ನಡೆಸಿ ಮರಿಗಳನ್ನು ವಶಪಡಿಸಿಕೊಳ್ಳುವ ಕ್ರಮ ಕೈಗೊಂಡಿದೆ. ನಿಷೇಧ ನ್ಯಾಯವಾದುದೇ. ಮೂಕಪ್ರಾಣಿಯ ಸಂಕಟವನ್ನು ಪರಂಪರೆಯ ಹೆಸರಿನಲ್ಲಿ ಸಮರ್ಥಿಸಲಾಗದು. ಆದರೆ ಕುರಿಗಾರನ ಹರಕೆ ಕೇವಲ ಮೌಢ್ಯವೆಂದು ತೀರ್ಪಿತ್ತರೆ ಕೆಲಸ ಮುಗಿಯುವುದಿಲ್ಲ. ಮಳೆಯಿಲ್ಲದ ಸೀಮೆಯಲ್ಲಿ ಹಿಂಡು ಕಾಯುವವನಿಗೆ ಮರಿಯೇ ಆಸ್ತಿ. ರೋಗ, ತೋಳ, ಬರಗಳಿಂದ ಹಿಂಡು ಉಳಿದರೆ ಅದರಲ್ಲೊಂದು ಮಲ್ಲಯ್ಯನದು ಎಂಬುದು ಅವನ ಲೆಕ್ಕ. ಎಸೆಯುವುದನ್ನು ತಡೆಯಬಹುದು, ಒಪ್ಪಿಸುವ ಬಯಕೆಗೆ ಗೌರವದ ಬೇರೆ ದಾರಿಯನ್ನು ಕುರಿಗಾರರೊಡನೆ ಕುಳಿತೇ ಕಂಡುಕೊಳ್ಳಬೇಕು. ಜಾತ್ರೆಯ ವರದಿಗಳಲ್ಲಿ ವಶಪಡಿಸಿಕೊಂಡ ಮರಿಗಳ ಸಂಖ್ಯೆಗೆ ಜಾಗವಿರುತ್ತದೆ, ತಂದವರ ಮಾತಿಗೆ ಇರುವುದು ಅಪರೂಪ.

ಹೀಗೆ ಅಲಾಯಿ ಕುಣಿ, ತಿಂಥಣಿ, ಗೋಗಿ, ಹಾಲೋಕಳಿ, ಮೈಲಾಪುರ ಇವುಗಳನ್ನು ಒಟ್ಟಾಗಿ ನೋಡಿದಾಗ ಒಂದು ಅಂಶ ಮನಗಾಣುತ್ತದೆ. ಈ ಆಚರಣೆಗಳು ಭೇದಗಳಿಲ್ಲದ ಸಮಾಜದ ಚಿತ್ರಗಳಲ್ಲ; ಭೇದಗಳ ನಡುವೆಯೂ ಕೂಡಿ ಬಾಳಲು ಜನರು ರೂಪಿಸಿಕೊಂಡ, ಆಗಾಗ ಮುರಿಯುವ, ಮತ್ತೆ ಹೊಂದಿಸಿಕೊಳ್ಳುವ ಒಪ್ಪಂದಗಳು. ಅವನ್ನು ಭಾವೈಕ್ಯವೆಂದು ಹೊಗಳಿ ಸುಮ್ಮನಾದರೆ ಹಲಗೆಯವನ ಅಸಮಾಧಾನವೂ ಕುರಿಗಾರನ ಹರಕೆಯೂ ಅಧ್ಯಯನದ ಹೊರಗೇ ಉಳಿಯುತ್ತವೆ. ಇನ್ನು ಮುಂದಿನ ಜಾನಪದ ಅಧ್ಯಯನಗಳು ದೇವರ ಮಹಿಮೆಯ ಜೊತೆಗೆ ದೇವರನ್ನು ಹೊರುವ ಹೆಗಲುಗಳ ಕಡೆಗೂ ಗಮನ ಹರಿಸಬೇಕಾಗಿದೆ.